ಓದು ಯಾರದು? ಬೇರೆ ದೇಶದ ವಿದ್ಯಾರ್ಥಿಗಳು ಮತ್ತು ನಾವು

ಇಂಟರ್ನಲ್ಸ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಒಂದು ಮಾತು ತಪ್ಪದೇ ಬರುತ್ತೆ. "ಫಾರಿನ್‌ನಲ್ಲಿ ಹಿಂಗೆಲ್ಲಾ ಇರಲ್ಲ ಮಗಾ. ಅಲ್ಲಿ ಹುಡುಗ್ರು ಇಷ್ಟಪಟ್ಟು ಓದ್ತಾರೆ, ನಾವು ಮಾರ್ಕ್ಸಿಗೆ ಓದ್ತೀವಿ." ಕೇಳಿದವರೆಲ್ಲ ಹೌದು ಅಂತ ತಲೆಯಾಡಿಸ್ತಾರೆ. ಆಮೇಲೆ ಎಲ್ಲರೂ ಹಳೇ ಪ್ರಶ್ನೆಪತ್ರಿಕೆ ತೆಗೆದು ಕೂರ್ತಾರೆ.

ಈ ಮಾತು ಎಷ್ಟು ನಿಜ? ಬೇರೆ ದೇಶದವರಿಗೆ ಓದಿನ ಮೇಲೆ ಪ್ರೀತಿ ಹೆಚ್ಚು, ನಮಗೆ ಕಡಿಮೆ ಅಂತ ಇದೆಯಾ? ಈ ಲೇಖನಕ್ಕಾಗಿ ಕೆಲವು ದೇಶಗಳ ವಿದ್ಯಾರ್ಥಿಗಳು ತಮ್ಮ ಓದನ್ನ ಹೇಗೆ ನೋಡ್ತಾರೆ ಅಂತ ಹುಡುಕಿ ಓದಿದೆ. ನನಗೆ ಕಂಡಿದ್ದು ಇಷ್ಟು: ಓದಿನ ಬಗ್ಗೆ ವಿದ್ಯಾರ್ಥಿಗಳ ಮನೋಭಾವ ದೇಶದಿಂದ ದೇಶಕ್ಕೆ ನಿಜಕ್ಕೂ ಬದಲಾಗುತ್ತೆ. ಆದರೆ ಅದಕ್ಕೆ ಕಾರಣ ಆ ದೇಶದ ಜನರ ಗುಣ ಅನ್ನೋದಕ್ಕಿಂತ ಅಲ್ಲಿನ ಕಾಲೇಜುಗಳ ನಿಯಮ. ಮುಖ್ಯವಾಗಿ ನಾಲ್ಕು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಯಾವ ದೇಶದ ವಿದ್ಯಾರ್ಥಿ ಹೇಗೆ ಯೋಚನೆ ಮಾಡ್ತಾನೆ ಅಂತ ಬಹುಪಾಲು ಊಹಿಸಬಹುದು:

1. ಓದಿಗೆ ದುಡ್ಡು ಕೊಡೋರು ಯಾರು?
2. ಕಷ್ಟ ಇರೋದು ಒಳಗೆ ಹೋಗೋದರಲ್ಲೋ, ಹೊರಗೆ ಬರೋದರಲ್ಲೋ?
3. ಪರೀಕ್ಷೆ ಏನು ಕೇಳುತ್ತೆ?
4. ಕೆಲಸ ಕೊಡೋರು ಏನು ನೋಡ್ತಾರೆ?

ಮೊದಲು ನಮ್ಮನ್ನೇ ನೋಡಿಕೊಳ್ಳೋಣ.

ಹೊಗೆಸೊಪ್ಪಿನ ದುಡ್ಡು, ಇಂಜಿನಿಯರಿಂಗ್ ಸೀಟು

ನಮ್ಮೂರು ಕಂಪಲಾಪುರ. ಮೈಸೂರಿಂದ ಮಡಿಕೇರಿಗೆ ಹೋಗೋ ಬಸ್ಸು ಹತ್ತಿದರೆ ಹುಣಸೂರು ದಾಟಿ, ಪಿರಿಯಾಪಟ್ಟಣಕ್ಕೆ ಮುಂಚೆ ಸಿಗುತ್ತೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂದ್ರೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಕಂಪಲಾಪುರದಲ್ಲೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಕೆ.ಆರ್. ನಗರದ ಕಡೆ ಹೋದರೆ ಕಾಲುವೆ ನೀರು, ಭತ್ತ. ನಮ್ಮ ಕಡೆ ಮಳೆ ನಂಬಿಕೊಂಡು ಮೇ-ಜೂನ್‌ನಲ್ಲಿ ಸೊಪ್ಪಿನ ನಾಟಿ, ಆಮೇಲೆ ಎಲೆ ಮುರಿದು ಬ್ಯಾರನ್ನಿಗೆ ತುಂಬಿ ಹದ ಮಾಡೋದು, ಗ್ರೇಡ್ ಮಾಡಿ ಬೇಲ್ ಕಟ್ಟೋದು. ಹರಾಜು ಶುರುವಾಗೋ ಹೊತ್ತಿಗೆ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ಬಂದಿರುತ್ತೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸಿಇಟಿ ಕೌನ್ಸೆಲಿಂಗ್ ಮುಗಿದು ಕಾಲೇಜಿಗೆ ಫೀಸ್ ಕಟ್ಟಬೇಕಾದ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ದುಡ್ಡು ಇನ್ನೂ ಹೊಲದಲ್ಲಿ, ಬ್ಯಾರನ್ನಿನಲ್ಲಿ ಇರುತ್ತೆ. ಕೈಗೆ ಬಂದಿರಲ್ಲ. ಹಾಗಾಗಿ ಸಹಕಾರ ಸಂಘದಲ್ಲೋ, ನೆಂಟರ ಹತ್ತಿರವೋ, ಬಡ್ಡಿಗೋ ತಂದು ಕಟ್ಟಿ, ಬೇಲ್ ಮಾರಿದ ಮೇಲೆ ತೀರಿಸೋದು. ಆ ವರ್ಷ ರೇಟು ಬಿತ್ತು ಅಂದ್ರೆ ಮುಂದಿನ ವರ್ಷಕ್ಕೆ ಸಾಲ ಉಳೀತು ಅಂತ ಅರ್ಥ. ಇಂಥ ಮನೆಯಿಂದ ಬಂದ ಹುಡುಗಿಗೋ ಹುಡುಗನಿಗೋ "ನಿನಗೆ ಯಾವ ವಿಷಯ ಇಷ್ಟ?" ಅಂತ ಕೇಳೋಕೆ ಮುಂಚೆ ಊರಲ್ಲಿ ಕೇಳೋದು, "ಮುಗಿದ ಮೇಲೆ ಕೆಲ್ಸ ಸಿಕ್ತದಾ?" ಅನ್ನೋ ಪ್ರಶ್ನೆ. ಇದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಹಾಕಿದವರು ಕೇಳಲೇಬೇಕಾದ ಪ್ರಶ್ನೆ ಅದು. ನಮ್ಮ ಓದು ನಮ್ಮೊಬ್ಬರದೇ ಅಲ್ಲ, ಇಡೀ ಮನೆಯದು. ಈ ಭಾವನೆ ನಮ್ಮಲ್ಲಿ ಬಹಳ ಗಟ್ಟಿ.

ಇನ್ನು ಎರಡನೇ ಪ್ರಶ್ನೆ, ಬಾಗಿಲಿನದು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರೋ ಪದ 'ಸೀಟು'. "ಸೀಟ್ ಸಿಕ್ತಾ?" ಅಂತಾರೆ. "ಓದೋಕೆ ಶುರು ಮಾಡಿದ್ಯಾ?" ಅಂತ ಯಾರೂ ಕೇಳಲ್ಲ. ಇದಕ್ಕೂ ಚರಿತ್ರೆ ಇದೆ. ದುಡ್ಡು ಇದ್ದವರಿಗೆ ಮಾತ್ರ ಸೀಟು ಅನ್ನೋ ಕಾಲದಲ್ಲಿ, 1984ರಲ್ಲಿ, ಕರ್ನಾಟಕ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1993ರ ಉನ್ನಿಕೃಷ್ಣನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಲ್ಲೇ 1994ರಲ್ಲಿ ಸಿಇಟಿ ಶುರುವಾಯಿತು. ಇವತ್ತು ಅದರಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲ ಇಂಜಿನಿಯರ್ ಬಂದದ್ದು ಈ ಬಾಗಿಲಿನಿಂದಲೇ. ಆದರೆ ಬಾಗಿಲು ದಾಟೋದೇ ದೊಡ್ಡ ಯುದ್ಧ ಆದಾಗ, ಒಳಗೆ ಬಂದ ಮೇಲೆ "ಸಾಕಪ್ಪಾ, ಗೆದ್ದೆ" ಅನ್ನೋ ಭಾವನೆ ಬರೋದೂ ಸಹಜ.

ಓದು ಅಂದ್ರೆ ಕೆಲಸ ಅನ್ನೋ ಲೆಕ್ಕ ನಮ್ಮ ಕಾಲದ ಹುಡುಗರು ಕಟ್ಟಿದ್ದಲ್ಲ. ಭಾರತದಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೇ ಹಾಗೆ. 1847ರಲ್ಲಿ ರೂರ್ಕಿಯ ಕಾಲೇಜನ್ನ ಬ್ರಿಟಿಷರು ತೆರೆದದ್ದು ಗಂಗಾ ಕಾಲುವೆಗೆ, ಲೋಕೋಪಯೋಗಿ ಕೆಲಸಗಳಿಗೆ ಜನ ಬೇಕು ಅಂತ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದರು. ಅಲ್ಲಿ ಮೊದಲ ಸ್ಥಾನ ಪಡೆದು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಸೇರಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅದೂ ಕ್ಯಾಂಪಸ್ ಪ್ಲೇಸ್‌ಮೆಂಟೇ. ಅವರು ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ (1916), ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು (1917) ಶುರುವಾದಾಗಲೂ ಸಂಸ್ಥಾನಕ್ಕೆ ತನ್ನದೇ ಇಂಜಿನಿಯರ್‌ಗಳು ಬೇಕು ಅನ್ನೋ ಉದ್ದೇಶ ಸ್ಪಷ್ಟವಾಗೇ ಇತ್ತು.

ಮೂರನೇ ಪ್ರಶ್ನೆ ಪರೀಕ್ಷೆ. 1998ರಲ್ಲಿ ಹುಟ್ಟಿದ ವಿಟಿಯು ಪ್ರಶ್ನೆಪತ್ರಿಕೆ ನಿಮಗೆಲ್ಲ ಬಾಯಿಪಾಠ. ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ ಬರೆದರೆ ಸಾಕು. ಸಿಐಇ 50, ಎಸ್ಇಇ 50. ಹಾಜರಾತಿ ಶೇ. 85 ಇರಬೇಕು. ಈ ಮೂರು ನಿಯಮ ಸೇರಿದರೆ ವಿದ್ಯಾರ್ಥಿ ಹೇಗೆ ನಡ್ಕೋತಾನೆ? ತರಗತಿಗೆ ಬರ್ತಾನೆ, ಯಾಕಂದ್ರೆ ಹಾಜರಾತಿ ಬೇಕು. ಆದರೆ ತರಗತಿಯಲ್ಲಿ ಕೇಳಿದ್ದಕ್ಕಿಂತ ಹಳೇ ಪ್ರಶ್ನೆಪತ್ರಿಕೆ ಹೆಚ್ಚು ಉಪಯೋಗಕ್ಕೆ ಬರುತ್ತೆ ಅಂತ ಎರಡನೇ ಸೆಮಿಸ್ಟರ್ ಹೊತ್ತಿಗೆ ಕಲೀತಾನೆ. ಮೈ ತರಗತಿಯಲ್ಲಿ, ಮನಸ್ಸು ಇನ್ನೆಲ್ಲೋ. ಇದು ಸೋಮಾರಿತನ ಅಲ್ಲ, ಲೆಕ್ಕಾಚಾರ. ಇದೇ ಲೆಕ್ಕಾಚಾರವನ್ನ ಬೇರೆ ದೇಶದ ನಿಯಮದ ಒಳಗೆ ಇಟ್ಟು ನೋಡೋಣ.

ಜರ್ಮನಿ: ಕೇಳೋರಿಲ್ಲ, ಕಾಯೋರೂ ಇಲ್ಲ

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೊದಲ ಪದವಿಗೆ ಅಲ್ಲಿನವರಿಂದ ಬೋಧನಾ ಶುಲ್ಕ ತಗೊಳ್ಳಲ್ಲ. 2005ರ ನಂತರ ಕೆಲವು ರಾಜ್ಯಗಳು ಶುಲ್ಕ ಶುರು ಮಾಡಿದ್ದವು. ವಿದ್ಯಾರ್ಥಿಗಳ, ಜನರ ವಿರೋಧ ಬಂದು ಒಂದೊಂದಾಗಿ ಬಿಟ್ಟವು. ಕೊನೆಯ ರಾಜ್ಯವೂ 2014ರಲ್ಲಿ ಕೈಬಿಟ್ಟಿತು. ಮನೆಯ ಆದಾಯ ಕಡಿಮೆ ಇದ್ದವರಿಗೆ ಬಾಫೋಗ್ ಅನ್ನೋ ಸರ್ಕಾರಿ ನೆರವು 1971ರಿಂದ ಇದೆ. ಅದರಲ್ಲಿ ಅರ್ಧ ಉಚಿತ, ಇನ್ನರ್ಧ ಬಡ್ಡಿ ಇಲ್ಲದ ಸಾಲ.

ಅಲ್ಲಿ ಲೆಕ್ಚರ್‌ಗೆ ಸಾಮಾನ್ಯವಾಗಿ ಹಾಜರಿ ಇಲ್ಲ. ಬಂದರೆ ಬಾ, ಇಲ್ಲದಿದ್ದರೆ ಬಿಡು. ನಮ್ಮ ಹಾಗೆ ಇಂಟರ್ನಲ್ಸ್ ಸರಣಿಯೂ ಇಲ್ಲ. ಎಷ್ಟೋ ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ ಪೂರ್ತಿ ಅಂಕ ತೀರ್ಮಾನ ಮಾಡುತ್ತೆ. ಇಷ್ಟು ಕೇಳಿದರೆ ಸ್ವರ್ಗ ಅನ್ನಿಸಬಹುದು. ಆದರೆ ಒಂದು ವಿಷಯವನ್ನ ಸಾಮಾನ್ಯವಾಗಿ ಮೂರು ಸಲ ಮಾತ್ರ ಬರೆಯಬಹುದು. ಮೂರನೇ ಸಲವೂ ಫೇಲ್ ಆದರೆ ಆ ಕೋರ್ಸಿನಿಂದಲೇ ಹೊರಗೆ. ಅದೇ ಕೋರ್ಸಿಗೆ ಬೇರೆ ವಿಶ್ವವಿದ್ಯಾಲಯದಲ್ಲಿ ಸೇರೋದೂ ಆಗಲ್ಲ. ಅಂದ್ರೆ ಅಲ್ಲಿ ಒಳಗೆ ಹೋಗೋ ಬಾಗಿಲು ದೊಡ್ಡದು, ಹೊರಗೆ ಬರೋ ಬಾಗಿಲು ಚಿಕ್ಕದು.

ಹಾಗಾಗಿ ಅಲ್ಲಿನ ವಿದ್ಯಾರ್ಥಿ "ಈ ಸೆಮಿಸ್ಟರ್‌ನಲ್ಲಿ ಈ ಪರೀಕ್ಷೆ ಬರೀಲೋ, ಮುಂದಕ್ಕೆ ಹಾಕಲೋ?" ಅಂತ ತಾನೇ ತೀರ್ಮಾನ ಮಾಡ್ತಾನೆ. ಮೂರು ವರ್ಷದ ಬ್ಯಾಚುಲರ್ ಪದವಿಗೆ ನಾಲ್ಕು ವರ್ಷ ತಗೊಂಡರೆ ಅಲ್ಲಿ ಅದು ನಾಚಿಕೆಯ ವಿಷಯ ಅಲ್ಲ. ನಮ್ಮಲ್ಲಿ ಅದಕ್ಕೆ 'ಇಯರ್ ಬ್ಯಾಕ್' ಅಂತಾರೆ, ಮದುವೆ ಮನೆಯಲ್ಲೂ ಅದೇ ಮಾತು. ಅಲ್ಲಿ ಶುಲ್ಕ ಇಲ್ಲದ್ದರಿಂದ ಒಂದು ವರ್ಷ ಹೆಚ್ಚಾದರೆ ಮನೆಯ ಮೇಲೆ ಇನ್ನೊಂದು ವರ್ಷದ ಫೀಸ್ ಬೀಳಲ್ಲ. ಇಷ್ಟೇ ವ್ಯತ್ಯಾಸ, ಆದರೆ ಮನೋಭಾವ ಪೂರ್ತಿ ಬದಲಾಗುತ್ತೆ. ಅಲ್ಲಿ ಓದು ವಿದ್ಯಾರ್ಥಿಯ ಸ್ವಂತ ವಿಷಯ. ಜೊತೆಗೆ ಒಂಟಿತನವೂ ಇದೆ, ಯಾಕಂದ್ರೆ ಹಿಂದೆ ಬಿದ್ದರೆ ಕರೆದು ಕೇಳೋ ಮೆಂಟರ್ ಇರಲ್ಲ.

ಒಂದು ಮಾತು ಮಾತ್ರ ಮರೀಬೇಡಿ: ಹಳೇ ಪ್ರಶ್ನೆಪತ್ರಿಕೆ ಅಲ್ಲೂ ಇದೆ! ಅದನ್ನ ಕೂಡಿಸಿಟ್ಟು ಜೂನಿಯರ್‌ಗಳಿಗೆ ಕೊಡೋ ಕೆಲಸವನ್ನ ಎಷ್ಟೋ ಕಡೆ ವಿಭಾಗದ ವಿದ್ಯಾರ್ಥಿ ಸಂಘವೇ ಮಾಡುತ್ತೆ.

ಒಂದೇ ದ್ವೀಪ, ಎರಡು ನಿಯಮ

ದುಡ್ಡು ಮನೋಭಾವವನ್ನ ಹೇಗೆ ಬದಲಿಸುತ್ತೆ ಅಂತ ನೋಡೋಕೆ ಬ್ರಿಟನ್ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನಲ್ಲಿ 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಶುಲ್ಕ ಬಂತು. 2006ರಲ್ಲಿ ಮಿತಿ 3,000ಕ್ಕೆ ಏರಿತು, 2012ರಲ್ಲಿ 9,000ಕ್ಕೆ. ಹದಿನಾಲ್ಕು ವರ್ಷದಲ್ಲಿ ಒಂಬತ್ತು ಪಟ್ಟು. ಪಕ್ಕದ ಸ್ಕಾಟ್‌ಲೆಂಡಿನಲ್ಲಿ ಓದೋ ಸ್ಕಾಟಿಷ್ ವಿದ್ಯಾರ್ಥಿಗಳ ಶುಲ್ಕವನ್ನ ಸರ್ಕಾರವೇ ಕಟ್ಟುತ್ತೆ.

ಶುಲ್ಕ ಏರಿದ ಮೇಲೆ ಇಂಗ್ಲೆಂಡಿನಲ್ಲಿ ಒಂದು ಹೊಸ ಚರ್ಚೆ ಶುರುವಾಯಿತು: ವಿದ್ಯಾರ್ಥಿ ಈಗ ಗಿರಾಕಿಯೋ? "ಇಷ್ಟು ದುಡ್ಡು ಕೊಟ್ಟಿದ್ದೀನಿ, ವಾರಕ್ಕೆ ಇಷ್ಟೇ ಗಂಟೆ ಪಾಠವಾ?" ಅನ್ನೋ ಪ್ರಶ್ನೆ ಸಾಮಾನ್ಯವಾಯಿತು. ಇದರಲ್ಲಿ ಒಳ್ಳೆಯದೂ ಇದೆ. ಪಾಠ ಸರಿ ಇಲ್ಲ ಅಂದ್ರೆ ದೂರು ಕೊಡೋ ವ್ಯವಸ್ಥೆ ಬಲವಾಯಿತು, ಕೊನೆಯ ವರ್ಷದ ವಿದ್ಯಾರ್ಥಿಗಳ ಅಭಿಪ್ರಾಯ ಕೇಳೋ ರಾಷ್ಟ್ರೀಯ ಸಮೀಕ್ಷೆ 2005ರಿಂದ ನಡೀತಿದೆ. ಕೆಟ್ಟದ್ದೂ ಇದೆ. ಇಂಗ್ಲೆಂಡಿನ 608 ಪದವಿ ವಿದ್ಯಾರ್ಥಿಗಳನ್ನ ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ, ತಮ್ಮನ್ನ ಗಿರಾಕಿ ಅಂತ ಹೆಚ್ಚು ಭಾವಿಸಿಕೊಂಡವರ ಅಂಕ ಕಡಿಮೆ ಇರೋದು ಕಂಡುಬಂತು. ಯಾಕಿರಬಹುದು? ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಾಮಾನು ಕೈಗೆ ಬರುತ್ತೆ. ಓದಿನಲ್ಲಿ ದುಡ್ಡು ಕೊಟ್ಟ ಮೇಲೂ ಕೆಲಸ ನಾವೇ ಮಾಡಬೇಕು.

ಇದನ್ನ ಓದಿದಾಗ ನನಗೆ ನಮ್ಮ ಮ್ಯಾನೇಜ್‌ಮೆಂಟ್ ಸೀಟ್, ಸರ್ಕಾರಿ ಸೀಟ್ ಮಾತು ನೆನಪಾಯಿತು. ಒಂದೇ ಬೆಂಚಿನಲ್ಲಿ ಕೂತವರಲ್ಲಿ ಒಬ್ಬರು "ದುಡ್ಡು ಕೊಟ್ಟಿದ್ದೀವಿ" ಅಂದುಕೊಂಡಿರ್ತಾರೆ, ಇನ್ನೊಬ್ಬರು "ರ‍್ಯಾಂಕ್ ತಂದಿದ್ದೀವಿ" ಅಂದುಕೊಂಡಿರ್ತಾರೆ. ಮಾಡ್ಯೂಲ್ ಮಾತ್ರ ಇಬ್ಬರಿಗೂ ಅದೇ ಐದು.

ಅಮೆರಿಕ: ಸಾಲ ಇದೆ, ಆಯ್ಕೆಯೂ ಇದೆ

ಅಮೆರಿಕದಲ್ಲಿ ಓದಿಗೆ ದುಡ್ಡು ಬಹಳ. ಅಲ್ಲಿ ತೀರದೇ ಉಳಿದಿರೋ ವಿದ್ಯಾರ್ಥಿ ಸಾಲ ಒಟ್ಟು 1.6 ಲಕ್ಷ ಕೋಟಿ ಡಾಲರ್‌ಗೂ ಹೆಚ್ಚು. ಹಾಗಾಗಿ ಕೆಲಸದ ಚಿಂತೆ ನಮ್ಮಷ್ಟೇ ಅವರಿಗೂ ಇದೆ. "ಫಾರಿನ್‌ನವರು ಇಷ್ಟಪಟ್ಟು ಓದ್ತಾರೆ, ಕೆಲಸದ ಚಿಂತೆ ಇಲ್ಲ" ಅನ್ನೋದು ಇಲ್ಲಿಗೇ ಸುಳ್ಳಾಯಿತು.

ವ್ಯತ್ಯಾಸ ಇರೋದು ಆಯ್ಕೆಯಲ್ಲಿ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಮುಖ್ಯ ವಿಷಯ ಯಾವುದು ಅಂತ ಎರಡನೇ ವರ್ಷದ ಕೊನೆಗೆ ಹೇಳಿದರೆ ಸಾಕು. ನಮ್ಮ ಹಾಗೆ ಪಿಯುಸಿ ಮುಗಿದ ಎರಡು ತಿಂಗಳಿಗೆ, ಸಿವಿಲ್ಲೋ ಕಂಪ್ಯೂಟರ್ ಸೈನ್ಸೋ ಅಂತ ರ‍್ಯಾಂಕ್ ನೋಡಿ ತೀರ್ಮಾನ ಮಾಡಬೇಕಿಲ್ಲ. ಸೇರಿದ ವಿಷಯ ಹಿಡಿಸದಿದ್ದರೆ ಮೊದಲ ಕೆಲವು ವಾರದಲ್ಲಿ ಬಿಡಬಹುದು. ಪ್ರೊಫೆಸರ್‌ಗಳು ವಾರದಲ್ಲಿ ಇಷ್ಟು ಗಂಟೆ ವಿದ್ಯಾರ್ಥಿಗಳ ಪ್ರಶ್ನೆಗೆ ಅಂತಲೇ ಕೊಠಡಿಯಲ್ಲಿ ಕೂತಿರಬೇಕು. ಅಂಕದ ಒಂದು ಭಾಗ ವಾರವಾರದ ಹೋಂವರ್ಕ್‌ಗೆ, ಪ್ರಾಜೆಕ್ಟ್‌ಗೆ, ಕೆಲವು ಕಡೆ ತರಗತಿಯಲ್ಲಿ ಮಾತಾಡಿದ್ದಕ್ಕೆ. ಮಾತಾಡಿದರೆ ಅಂಕ ಬರುತ್ತೆ ಅಂದ್ರೆ ಯಾರು ತಾನೇ ಮಾತಾಡಲ್ಲ?

ಇನ್ನೊಂದು ವಿಷಯ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1893ರಲ್ಲಿ ವಿದ್ಯಾರ್ಥಿಗಳೇ ಒತ್ತಾಯ ಮಾಡಿ, ಮೇಲ್ವಿಚಾರಕರಿಲ್ಲದೇ ಪರೀಕ್ಷೆ ಬರೆಯೋ ಪದ್ಧತಿ ತಂದರು. ನಕಲು ಮಾಡಲ್ಲ ಅಂತ ತಾವೇ ಮಾತು ಕೊಟ್ಟು ಸಹಿ ಹಾಕೋದು. ನಮ್ಮ ಪರೀಕ್ಷಾ ಕೊಠಡಿಯ ಸ್ಕ್ವಾಡ್ ನೆನೆಸಿಕೊಂಡರೆ ನಂಬೋಕಾಗಲ್ಲ. ಆದರೆ ನಂಬಿಕೆ ಇಟ್ಟು ಮಾಡಿದ ನಿಯಮ, ಅನುಮಾನ ಇಟ್ಟು ಮಾಡಿದ ನಿಯಮ ಎರಡೂ ತಮ್ಮ ತಮ್ಮ ಥರದ ವಿದ್ಯಾರ್ಥಿಗಳನ್ನ ತಯಾರು ಮಾಡುತ್ತವೆ.

ಜಪಾನ್, ಚೀನಾ: ನಮಗೆ ಹತ್ತಿರದ ನೆಂಟರು

ಬಾಗಿಲಲ್ಲಿ ಯುದ್ಧ ನಡೆಯೋ ದೇಶಗಳು ನಮ್ಮ ಹಾಗೇ ಕಾಣುತ್ತವೆ. ಚೀನಾದ ಗಾವ್‌ಕಾವ್ ಪ್ರವೇಶ ಪರೀಕ್ಷೆಯನ್ನ 2024ರಲ್ಲಿ 1 ಕೋಟಿ 34 ಲಕ್ಷ ಮಂದಿ ಬರೆಯೋಕೆ ಹೆಸರು ಕೊಟ್ಟಿದ್ದರು. ಒಳಗೆ ಹೋಗೋದು ಕಷ್ಟ, ಹೊರಗೆ ಬರೋದು ಸುಲಭ ಅನ್ನೋ ಮಾತು ಅಲ್ಲೇ ಗಾದೆಯಂತೆ ಬಳಕೆಯಲ್ಲಿದೆ. ಜಪಾನಿನಲ್ಲೂ ಪ್ರವೇಶಕ್ಕೆ ವರ್ಷಗಟ್ಟಲೆ ಕೋಚಿಂಗ್. ಸೇರಿದ ಮೇಲಿನ ಬದುಕನ್ನ ಅವರೇ ತಮಾಷೆಗೆ 'ವಿನೋದ ವಿಹಾರ' ಅನ್ನೋ ಅರ್ಥದಲ್ಲಿ 'ಲೆಷರ್ ಲ್ಯಾಂಡ್' ಅಂತಿದ್ದರು. ಯಾಕೆ? ನಾಲ್ಕನೇ ಪ್ರಶ್ನೆಗೆ ಬನ್ನಿ. ಅಲ್ಲಿನ ದೊಡ್ಡ ಕಂಪನಿಗಳು ಹೊಸ ಪದವೀಧರರನ್ನ ಒಟ್ಟಿಗೆ ತಗೊಂಡು ಏಪ್ರಿಲ್ 1ಕ್ಕೆ ಸೇರಿಸಿಕೊಳ್ಳುತ್ತವೆ. ಕೆಲಸ ಕಲಿಸೋದನ್ನ ತಾವೇ ಮಾಡುತ್ತವೆ. ಕಂಪನಿ ನೋಡೋದು ಯಾವ ವಿಶ್ವವಿದ್ಯಾಲಯ ಅಂತ. ಹೀಗಿದ್ದಾಗ ವಿದ್ಯಾರ್ಥಿ ಮೂರನೇ ವರ್ಷದಿಂದಲೇ ಕಪ್ಪು ಸೂಟ್ ಹೊಲಿಸಿಕೊಂಡು ಕೆಲಸ ಹುಡುಕೋಕೆ ಹೊರಡ್ತಾನೆ.

ಆದರೆ ಜಪಾನಿನ ಇಂಜಿನಿಯರಿಂಗ್‌ನಲ್ಲಿ ಒಂದು ವಿಶೇಷ ಇದೆ. ನಾಲ್ಕನೇ ವರ್ಷ ಪ್ರತಿ ವಿದ್ಯಾರ್ಥಿ ಒಬ್ಬ ಪ್ರೊಫೆಸರ್‌ರ ಲ್ಯಾಬ್ ಸೇರಬೇಕು. ಅಲ್ಲಿ ಅವನಿಗೊಂದು ಮೇಜು, ಹಿರಿಯ ವಿದ್ಯಾರ್ಥಿಗಳ ಜೊತೆ, ಇಡೀ ವರ್ಷ ಒಂದೇ ಸಂಶೋಧನಾ ವಿಷಯ. ಎಷ್ಟೋ ಮಂದಿ ಅದೇ ಲ್ಯಾಬಿನಲ್ಲಿ ಸ್ನಾತಕೋತ್ತರಕ್ಕೆ ಮುಂದುವರೀತಾರೆ. ಹಿಂದಿನ ಸಾಲಿನಲ್ಲಿ ನಿದ್ದೆ ಮಾಡ್ತಿದ್ದ ಅದೇ ಹುಡುಗ ಈಗ ರಾತ್ರಿ ಹತ್ತು ಗಂಟೆಯವರೆಗೆ ಲ್ಯಾಬಲ್ಲಿ ಇರ್ತಾನೆ. ಹುಡುಗ ಅವನೇ, ಅವನ ಮುಂದಿಟ್ಟ ಕೆಲಸ ಬೇರೆ.

ನಾಲ್ಕು ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನ ಪರೀಕ್ಷೆ ಮಾಡಿದಾಗ

ಇದೆಲ್ಲ ಬರೀ ಮನೋಭಾವದ ಮಾತಾಯಿತು, ಕಲಿಕೆಗೆ ಏನು ವ್ಯತ್ಯಾಸ ಆಗುತ್ತೆ ಅಂತ ನೀವು ಕೇಳಬಹುದು. ಇದಕ್ಕೆ 2021ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಉತ್ತರ ಕೊಡುತ್ತೆ. ಅದು ನಮ್ಮ ಬಗ್ಗೆಯೇ ಇದೆ. ಭಾರತ, ಚೀನಾ, ರಷ್ಯಾ, ಅಮೆರಿಕದ ಕಂಪ್ಯೂಟರ್ ಸೈನ್ಸ್ ಮತ್ತು ಎಲೆಕ್ಟ್ರಿಕಲ್ ವಿಭಾಗದ ಹತ್ತಾರು ಸಾವಿರ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಓದಿನ ವರ್ಷಗಳಲ್ಲಿ ಏನು ಬೆಳೀತು ಅಂತ ನೋಡಿದರು.

ಸಂತೋಷದ ಸುದ್ದಿ ಮೊದಲು. ಮೊದಲ ಎರಡು ವರ್ಷದಲ್ಲಿ ಭಾರತ ಮತ್ತು ರಷ್ಯಾದ ವಿದ್ಯಾರ್ಥಿಗಳ ವಿಷಯಜ್ಞಾನ ಹೆಚ್ಚಾಯಿತು, ಚೀನಾದವರದು ಹೆಚ್ಚಾಗಲಿಲ್ಲ. ಅಂದ್ರೆ ನಾವು ಕಾಲೇಜಿಗೆ ಬಂದು ಏನೂ ಕಲಿಯಲ್ಲ ಅನ್ನೋ ಮಾತು ತಪ್ಪು. ಈಗ ಇನ್ನೊಂದು. ವಿಮರ್ಶಾತ್ಮಕ ಯೋಚನೆ, ಅಂದ್ರೆ ಒಂದು ವಾದ ಸರಿ ಇದೆಯೋ ಇಲ್ಲವೋ ಅಂತ ತೂಗಿ ನೋಡೋ ಶಕ್ತಿ, ನಾಲ್ಕು ವರ್ಷದಲ್ಲಿ ಅಮೆರಿಕದವರಲ್ಲಿ ಬೆಳೀತು. ಭಾರತ, ಚೀನಾ, ರಷ್ಯಾ ಮೂರರಲ್ಲೂ ಬೆಳೆಯಲಿಲ್ಲ.

ಇದನ್ನ ಮೇಲಿನ ನಾಲ್ಕು ಪ್ರಶ್ನೆ ಜೊತೆ ಇಟ್ಟು ನೋಡಿದರೆ ನನಗೆ ಅನ್ನಿಸೋದು ಹೀಗೆ: ನಮ್ಮ ಪರೀಕ್ಷೆ ಯಾವುದನ್ನ ಕೇಳುತ್ತೋ ಅದರಲ್ಲಿ ನಾವು ಮುಂದೆ ಹೋಗ್ತೀವಿ. ಕೇಳದೇ ಇರೋದು ನಿಂತಲ್ಲೇ ನಿಲ್ಲುತ್ತೆ. ನಮ್ಮೂರ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪಿನ ಬಣ್ಣ, ಗಾತ್ರ, ಹದ ನೋಡಿ ಗ್ರೇಡ್ ಹಾಕ್ತಾರೆ. ರೈತರು ಅದಕ್ಕೇ ತಕ್ಕಂತೆ ಬೆಳೀತಾರೆ, ಹದ ಮಾಡ್ತಾರೆ. ಬೇರೆ ಗುಣ ನೋಡಿ ಗ್ರೇಡ್ ಕೊಟ್ಟಿದ್ದರೆ ಬೇರೆ ಥರ ಬೆಳೀತಿದ್ದರು. ಆದರೆ ಬೇಲ್‌ಗೂ ನಮಗೂ ಒಂದು ವ್ಯತ್ಯಾಸ ಇದೆ. ಗ್ರೇಡ್ ಚೀಟಿ ಅಂಟಿಸಿದ ಮೇಲೆ ಬೇಲ್ ಏನೂ ಮಾಡೋಕಾಗಲ್ಲ. ನಾವು ಸಿಜಿಪಿಎ ಬಂದ ಮೇಲೂ ಕಲೀಬಹುದು.

ಎಲ್ಲರ ಉತ್ತರವೂ ಮೂರೇ

ಇಷ್ಟೆಲ್ಲ ವ್ಯತ್ಯಾಸ ಹೇಳಿದ ಮೇಲೆ ಒಂದು ಹೋಲಿಕೆಯನ್ನೂ ಹೇಳಬೇಕು. ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ಡೆನ್ಮಾರ್ಕ್, ಪೋಲೆಂಡ್, ಸ್ಪೇನ್ ಈ ಆರು ದೇಶಗಳ ವಿದ್ಯಾರ್ಥಿಗಳನ್ನ ಗುಂಪಾಗಿ ಕೂರಿಸಿ "ವಿಶ್ವವಿದ್ಯಾಲಯ ಯಾಕೆ ಬೇಕು?" ಅಂತ ಸಂಶೋಧಕರು ಕೇಳಿದರು. ಬಂದ ಉತ್ತರಗಳು ಮುಖ್ಯವಾಗಿ ಮೂರು: ಒಳ್ಳೆಯ ಕೆಲಸಕ್ಕೆ, ವ್ಯಕ್ತಿಯಾಗಿ ಬೆಳೆಯೋಕೆ, ಸಮಾಜಕ್ಕೆ ಒಳ್ಳೆಯದು ಮಾಡೋಕೆ. ಯಾವುದಕ್ಕೆ ಎಷ್ಟು ಒತ್ತು ಅನ್ನೋದು ದೇಶಕ್ಕೆ ತಕ್ಕಂತೆ ಬದಲಾಗುತ್ತೆ, ಆದರೆ ಮೂರೂ ಎಲ್ಲ ಕಡೆ ಇವೆ.

ಈ ಪ್ರಶ್ನೆಯನ್ನ ನಿಮ್ಮ ಪಕ್ಕದ ಬೆಂಚಿನವರಿಗೆ ಕೇಳಿ ನೋಡಿ. ಮೊದಲ ಉತ್ತರ ಕೆಲಸ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಎರಡನೆಯದು ಬರುತ್ತೆ, "ಊರಲ್ಲಿದ್ದಾಗ ನಾಲ್ಕು ಜನರ ಮುಂದೆ ಮಾತಾಡೋಕೆ ಭಯ ಆಗ್ತಿತ್ತು, ಈಗ ಇಲ್ಲ" ಅನ್ನೋ ಥರದ್ದು. ಮೂರನೆಯದು, "ಊರಿಗೆ ಏನಾದ್ರೂ ಮಾಡಬೇಕು" ಅನ್ನೋದು, ಹೇಳೋಕೆ ನಾಚಿಕೆ ಪಡ್ತಾರೆ. ಆದರೆ ಇದ್ದೇ ಇರುತ್ತೆ.

ನಿಯಮ ಬದಲಾದರೆ ಮನೋಭಾವ ಬದಲಾಗುತ್ತೆ ಅನ್ನೋದಕ್ಕೆ ದೊಡ್ಡ ಸಾಕ್ಷಿ ನಮ್ಮವರೇ. 2023-24ರಲ್ಲಿ ಅಮೆರಿಕದಲ್ಲಿ 3 ಲಕ್ಷ 31 ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು, ಜರ್ಮನಿಯಲ್ಲಿ ಸುಮಾರು 49 ಸಾವಿರ. ಎರಡೂ ದೇಶದಲ್ಲಿ ವಿದೇಶಿ ವಿದ್ಯಾರ್ಥಿಗಳ ಪೈಕಿ ಮೊದಲ ಸ್ಥಾನ ನಮ್ಮದೇ. ಅವರಲ್ಲಿ ವಿಟಿಯು ಕಾಲೇಜುಗಳಿಂದ ಹೋದವರೂ ಇದ್ದಾರೆ. ನಿಮಗೆ ಗೊತ್ತಿರೋ ಸೀನಿಯರ್ ಯಾರಾದರೂ ಹೋಗಿದ್ದರೆ ಕೇಳಿ: ಇಲ್ಲಿ ಕೈ ಎತ್ತಿ ಒಂದು ಪ್ರಶ್ನೆ ಕೇಳದವರು ಅಲ್ಲಿ ಎರಡನೇ ಸೆಮಿಸ್ಟರ್ ಹೊತ್ತಿಗೆ ಹೇಗೆ ಪ್ರೊಫೆಸರ್ ಬಾಗಿಲು ತಟ್ಟೋಕೆ ಶುರು ಮಾಡಿದರು ಅಂತ.

ಹಾಗಾದರೆ ನಾವೇನು ಮಾಡಬಹುದು?

ವಿಟಿಯು ನಿಯಮ ಬದಲಿಸೋದು ನಮ್ಮ ಕೈಲಿಲ್ಲ. ಸೊಪ್ಪಿನ ರೇಟೂ ನಮ್ಮ ಕೈಲಿಲ್ಲ. ಮನೆಯವರ ದುಡ್ಡಿನ ಭಾರ ಮರೆತು ಜರ್ಮನಿಯವರ ಹಾಗೆ "ನಿಧಾನಕ್ಕೆ ಮುಗಿಸ್ತೀನಿ" ಅನ್ನೋಕೂ ಆಗಲ್ಲ, ಅನ್ನಲೂಬಾರದು. ಆದರೆ ನಿಯಮದ ಒಳಗೇ ಮಾಡಬಹುದಾದ್ದು ಸ್ವಲ್ಪ ಇದೆ.

ಒಂದು: ಸೆಮಿಸ್ಟರ್‌ಗೆ ಒಂದೇ ಒಂದು ವಿಷಯ ಆರಿಸಿಕೊಂಡು ಅದರ ಐದೂ ಮಾಡ್ಯೂಲನ್ನ ಪಠ್ಯಪುಸ್ತಕದಿಂದಲೇ ಓದಿ. ಉಳಿದವಕ್ಕೆ ಪ್ರಶ್ನೆಪತ್ರಿಕೆ ಹಿಡಿದರೆ ಹಿಡಿಯಿರಿ. ಎಂಟು ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಿಮಗೆ ನಿಜವಾಗಿ ಬರೋ ವಿಷಯ ಎಂಟು ಇರುತ್ತವೆ. ಅದು ಕಡಿಮೆ ಅಲ್ಲ.

ಎರಡು: ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಸರ್ ಅಥವಾ ಮೇಡಂಗೆ ವಾರಕ್ಕೆ ಒಂದು ಪ್ರಶ್ನೆ ಕೇಳಿ. ಅಮೆರಿಕದಲ್ಲಿ ಅದಕ್ಕೆ ಗಂಟೆ ಗೊತ್ತು ಮಾಡಿದ್ದಾರೆ, ನಮ್ಮಲ್ಲಿ ಮಾಡಿಲ್ಲ, ಅಷ್ಟೇ. ಕೇಳಿದರೆ ಬೇಡ ಅನ್ನೋ ಮೇಷ್ಟ್ರು ಕಡಿಮೆ.

ಮೂರು: ಕೊನೆಯ ವರ್ಷದ ಪ್ರಾಜೆಕ್ಟನ್ನ ಅಂಗಡಿಯಿಂದ ತರಬೇಡಿ. ಜಪಾನಿನ ಲ್ಯಾಬಿನಲ್ಲಿ ಒಂದು ವರ್ಷ ಒಂದೇ ಸಮಸ್ಯೆ ಹಿಡಿದು ಕೂರೋದಕ್ಕೆ ನಮ್ಮಲ್ಲಿ ಹತ್ತಿರ ಬರೋದು ಇದೊಂದೇ. ಸಮಸ್ಯೆ ಹುಡುಕೋಕೆ ದೂರ ಹೋಗಬೇಕಿಲ್ಲ. ನಮ್ಮ ಸೀಮೆಯ ಬ್ಯಾರನ್ನುಗಳು ಎಷ್ಟು ಸೌದೆ ತಿನ್ನುತ್ತವೆ, ಶಾಖ ಎಲ್ಲೆಲ್ಲಿ ಸೋರಿ ಹೋಗುತ್ತೆ, ರಾತ್ರಿಯೆಲ್ಲ ಎದ್ದು ಉರಿ ನೋಡೋ ಬದಲು ಒಂದು ಸೆನ್ಸರ್ ಇಟ್ಟರೆ ಹೇಗೆ? ಇದರಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಎಲ್ಲರಿಗೂ ಕೆಲಸ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತೆ. ಕಾಲೇಜಿನ ಮೂಲಕ ಅರ್ಜಿ ಹಾಕಬೇಕು.

ನಾಲ್ಕು: ಓದಿದ್ದನ್ನ ಕನ್ನಡದಲ್ಲಿ ಹೇಳಿ. ಮನೆಗೆ ಹೋದಾಗ ಅಪ್ಪನಿಗೋ ಅಜ್ಜಿಗೋ ಈ ಸೆಮಿಸ್ಟರ್‌ನಲ್ಲಿ ಕಲಿತ ಒಂದು ವಿಷಯ ಅರ್ಥವಾಗೋ ಹಾಗೆ ಹೇಳೋಕೆ ಪ್ರಯತ್ನ ಮಾಡಿ. ಥರ್ಮೊಡೈನಾಮಿಕ್ಸ್ ಪುಸ್ತಕದಲ್ಲಿರೋ ಶಾಖದ ಲೆಕ್ಕ ವರ್ಷಾ ವರ್ಷಾ ಬ್ಯಾರನ್ ಹದ ನೋಡಿದ ಅಪ್ಪನಿಗೆ ಹೊಸದೇನಲ್ಲ. ಅವರು ತಿರುಗಿ ಕೇಳೋ ಪ್ರಶ್ನೆಗೆ ಉತ್ತರ ಕೊಡೋಕಾಗದಿದ್ದರೆ ನಮಗೆ ಎಲ್ಲಿ ಅರ್ಥವಾಗಿಲ್ಲ ಅಂತ ಗೊತ್ತಾಗುತ್ತೆ. ಆ ಅಧ್ಯಯನದಲ್ಲಿ ನಮ್ಮಲ್ಲಿ ಬೆಳೆಯಲಿಲ್ಲ ಅಂದ ಶಕ್ತಿಗೆ ಇದಕ್ಕಿಂತ ಅಗ್ಗದ ಅಭ್ಯಾಸ ನನಗೆ ಗೊತ್ತಿಲ್ಲ. ಜೊತೆಗೆ, ಫೀಸ್ ಕಟ್ಟಿದವರಿಗೆ ತಾವು ಕಟ್ಟಿದ್ದು ಯಾವುದಕ್ಕೆ ಅಂತ ತಿಳಿಯುತ್ತೆ. ಕೆಲಸದ ಪತ್ರ ಬರೋವರೆಗೆ ನಾಲ್ಕು ವರ್ಷ ಅವರು ಕಾಯಬೇಕಿಲ್ಲ.

ಮುಂದಿನ ಸಲ ಹಾಸ್ಟೆಲ್‌ನಲ್ಲಿ ಯಾರಾದರೂ "ಫಾರಿನ್‌ನವರು ಹಂಗೆ, ನಾವು ಹಿಂಗೆ" ಅಂದರೆ ಈ ನಾಲ್ಕು ಪ್ರಶ್ನೆ ಕೇಳಿ: ದುಡ್ಡು ಯಾರದು, ಬಾಗಿಲು ಎಲ್ಲಿ ಬಿಗಿ, ಪರೀಕ್ಷೆ ಏನು ಕೇಳುತ್ತೆ, ಕೆಲಸ ಕೊಡೋರು ಏನು ನೋಡ್ತಾರೆ. ನಮ್ಮನ್ನ ನಾವು ಬೈದುಕೊಳ್ಳೋದು ಆಗ ಸ್ವಲ್ಪ ಕಡಿಮೆಯಾಗುತ್ತೆ. ಉಳಿದ ಹೊತ್ತಲ್ಲಿ ಆ ಒಂದು ವಿಷಯದ ಐದನೇ ಮಾಡ್ಯೂಲ್ ಓದಬಹುದು.